ಆ ಬಟನ್ ಒತ್ತಿದ್ದು ಮೇಷ್ಟ್ರಲ್ಲ

ಮೇಷ್ಟ್ರ ಎರಡೂ ಕಿರುಬೆರಳು ಒಳಕ್ಕೆ ಸೊಟ್ಟಗಾಗಿದ್ದವು. ನಂಜನಗೂಡಿನಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ ಗುರುತು ಅದು. ಟೈಪ್‌ರೈಟರನ್ನು ಕೇಳುವವರೇ ಇಲ್ಲವಾದಾಗ, ಐವತ್ತರ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು, ತಿ. ನರಸೀಪುರದ ಒಂದು ಕಚೇರಿಗೆ ನನ್ನ ಹಾಗೆಯೇ ಗುತ್ತಿಗೆ ಆಪರೇಟರ್ ಆಗಿ ಬಂದರು. ನನಗೆ ಕೆಲಸ ಕಲಿಸಿದವರು ಅವರೇ. ಅಂಥವರನ್ನು ಕೆಲಸ ಬಾರದವರು ಎಂದು ಹೊರಗೆ ಹಾಕಿದರಲ್ಲ, ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ರೇಷನ್ ಪಟ್ಟಿ ಊರಿಗೊಂದು ಫೈಲಿನಂತೆ ನೂರಕ್ಕೂ ಹೆಚ್ಚಿತ್ತು. ನಾವೆಲ್ಲ ಒಂದೊಂದನ್ನೇ ತೆರೆದು ತಿದ್ದುತ್ತ ಕಣ್ಣು ಕೆಡಿಸಿಕೊಳ್ಳುತ್ತಿದ್ದೆವು. ಮೇಷ್ಟ್ರು ಮಾತ್ರ ಫೈಲು ತಿದ್ದುವ ಎಡಿಟರ್ ಎಂಬ ಪ್ರೋಗ್ರಾಮನ್ನೇ ಪಳಗಿಸಿಬಿಟ್ಟಿದ್ದರು. ಅದರೊಳಗೇ ಕಮಾಂಡ್ ಬರೆದು ಒಂದು ಬಟನ್ ಒತ್ತಿದರೆ ಅಷ್ಟೂ ಊರುಗಳ ಫೈಲುಗಳ ಮೇಲೆ ಅದು ಓಡುತ್ತಿತ್ತು. ಆದರೆ ಮೊದಲನೇ ಬಟನ್ ಯಾವ ಸಾಲು ಬದಲಾಗುತ್ತದೆಂದು ತೋರಿಸುತ್ತಿತ್ತಷ್ಟೆ. ಬದಲಾಯಿಸಲು ಎರಡನೆಯದನ್ನು ಒತ್ತಬೇಕು. “ಮೊದ್ಲು ಕಣ್ಣು, ಆಮೇಲೆ ಕೈ ಕಣಮ್ಮ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಕಚೇರಿಯ ಸಾಹೇಬರು ಬಂದು, ಸತ್ತವರ ಹೆಸರೆಲ್ಲ ಸಂಜೆಯೊಳಗೆ ಹೋಗಬೇಕು, ‘ಮೃತ’ ಎಂದಿರುವ ಸಾಲುಗಳನ್ನೆಲ್ಲ ಅಳಿಸಿ ಎಂದರು. ಮೇಷ್ಟ್ರು ಎಂದಿನಂತೆ ಹಳೇ ಪಟ್ಟಿಯ ನಕಲು ಎತ್ತಿಟ್ಟು, ಮೊದಲನೇ ಬಟನ್ ಒತ್ತಿ ನೋಡಿದವರೇ ಕೈ ಹಿಂದಕ್ಕೆ ತೆಗೆದರು. ನಮ್ಮ ಪಟ್ಟಿಗಳಲ್ಲಿ ವಿಧವೆಯನ್ನು ಬರೆಯುವುದೇ ‘ನಿಂಗಮ್ಮ ಕೋಂ ಮೃತ ಮಾದಯ್ಯ’ ಎಂದು, ಅಂದರೆ ತೀರಿಕೊಂಡ ಮಾದಯ್ಯನ ಹೆಂಡತಿ.

“ಸಾ, ಇದ್ರಲ್ಲಿ ಬದ್ಕಿರೋ ಹೆಂಗಸ್ರವ್ರೆ. ನಾಳೆವರ್ಗೂ ಟೈಮ್ ಕೊಡಿ, ಅವ್ರನ್ನ ಬೇರೆ ಮಾಡ್ಕೊಡ್ತೀನಿ.”

“ಏನ್ರೀ ಮೇಷ್ಟ್ರೇ, ನನಗೇ ಪಾಠ ಮಾಡ್ತೀರಾ?” ಎಂದ ಆ ಮನುಷ್ಯ, ಅವರ ಭುಜದ ಮೇಲಿಂದ ಕೈ ಚಾಚಿ ಎರಡನೇ ಬಟನ್ ಒತ್ತಿಯೇಬಿಟ್ಟ. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಆ ಪಟ್ಟಿಯನ್ನೇ ಅಂದೇ ಮೈಸೂರಿನ ಜಿಲ್ಲಾ ಕಚೇರಿಗೆ ಕಳಿಸಿಯೂಬಿಟ್ಟ.

ಮುಂದಿನ ತಿಂಗಳು ಮೂಗೂರಿನ ಒಬ್ಬ ಅಜ್ಜಿ ಖಾಲಿ ಚೀಲ ಹಿಡಿದು ಬಂದು ಕಚೇರಿ ಬಾಗಿಲಲ್ಲಿ ಕೂಗಾಡಿದಳು. “ಸತ್ತಿರೋನು ನನ್ ಗಂಡ ಕಣ್ರಪ್ಪಾ, ನಾನಲ್ಲ! ನಾನ್ ಬದ್ಕಿವ್ನಿ!” ಅವಳ ಹಿಂದೆ ಇನ್ನಷ್ಟು ಹೆಂಗಸರು. ಸಾಹೇಬ ಸ್ವಲ್ಪವೂ ನಾಚಿಕೆಯಿಲ್ಲದೆ ‘ಆಪರೇಟರ್ ತಪ್ಪು’ ಎಂದು ಷರಾ ಬರೆದ. ವಿಚಾರಣೆಯಲ್ಲಿ ಬಟನ್ ಒತ್ತಿದ್ದು ಯಾರೆಂದು ನನ್ನನ್ನು ಕೇಳಿದರು. ನನ್ನ ಗುತ್ತಿಗೆ ಮುಂದುವರಿಯಬೇಕಿತ್ತಲ್ಲ, “ನಾನು ನೋಡ್ಲಿಲ್ಲ ಸರ್” ಎಂದೆ. ಮೇಷ್ಟ್ರು ನನ್ನ ಕಡೆ ತಿರುಗಲೂ ಇಲ್ಲ. ಎತ್ತಿಟ್ಟಿದ್ದ ನಕಲಿನಿಂದ ಅಷ್ಟೂ ಹೆಂಗಸರನ್ನು ಪಟ್ಟಿಗೆ ವಾಪಸ್ ಸೇರಿಸಿದರು. ಆ ಕೆಲಸ ಮುಗಿದ ದಿನವೇ ಅವರನ್ನು ಮನೆಗೆ ಕಳಿಸಿದರು. ಎಂಥ ಜನ! ನಾನೂ ಅವರಲ್ಲೊಬ್ಬಳು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರೆಂದು ತಿಳಿದು ನಂಜನಗೂಡಿನ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ ಕೇಳಿದರು: “ಆ ತಪ್ಪು ಇವ್ರದ್ದೇ ಏನಮ್ಮ? ಎಷ್ಟು ಕೇಳಿದ್ರೂ ಬಾಯೇ ಬಿಡ್ಲಿಲ್ಲ.”

“ಅಲ್ಲ ಕಣಮ್ಮ. ಒತ್ತಿದ್ದು ಸಾಹೇಬ್ರು. ನಾನೇ ಕಣ್ಣಾರೆ ನೋಡಿದ್ದೆ.”



“ಇದನ್ನ ಅವ್ರಿದ್ದಾಗ ಒಂದ್ಸಲ ಹೇಳ್ಬೋದಿತ್ತಲ್ಲವ್ವಾ” ಎಂದರು ಆಕೆ.