ತಂಗಿಯ ಕೈಯ ವೇಗ

ನನ್ನ ತಂಗಿಗೆ ಗಿಟಾರ್ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಬೇರೆ ಯಾರೂ ಹೇಳುವುದಿಲ್ಲ. ತಂತಿ ಒತ್ತಿ ಒತ್ತಿ ಅವಳ ಬೆರಳಿಗೆ ಗುಳ್ಳೆ ಎದ್ದಾಗ ಕೊಬ್ಬರಿ ಎಣ್ಣೆ ಹಚ್ಚಿದವಳೂ ನಾನೇ. ಮದುವೆಯಾಗಿ ಅವಳು ಸಿರುಗುಪ್ಪಕ್ಕೆ ಹೋದಳು, ನಾನು ಬಳ್ಳಾರಿಯಲ್ಲೇ ಶಾಲೆಯಲ್ಲಿ ಗಣಿತ ಹೇಳಿಕೊಂಡು ಉಳಿದೆ. ಭಾನುವಾರ ಮಾತ್ರ ಇಬ್ಬರೂ ಇಲ್ಲಿನ ಕೌಲ್‌ಬಜಾರಿನ ಒಂದು ಆರ್ಕೆಸ್ಟ್ರಾದಲ್ಲಿ ಸೇರುತ್ತಿದ್ದೆವು. ಹಾಡಿನ ನಡುವೆ ಒಬ್ಬಳೇ ಮೆರೆಯುವ ಲೀಡ್ ಗಿಟಾರ್ ನನ್ನದು, ಹಿಂದೆ ನಿಂತು ತಾಳಕ್ಕೆ ಮೀಟುವ ರಿದಮ್ ಅವಳದು. ಎಲ್ಲ ಸರಿಯಾಗಿಯೇ ಇತ್ತು.

ಒಂದು ಭಾನುವಾರ ಚಹಾ ಕುಡಿದು ಅಭ್ಯಾಸದ ಕೋಣೆಯೊಳಗೆ ಬರುತ್ತೇನೆ, ನನ್ನ ಸೋಲೋವನ್ನು ಅವಳು ನುಡಿಸುತ್ತಿದ್ದಾಳೆ! ನನಗಿಂತ ವೇಗವಾಗಿ, ಒಂದು ಸ್ವರವೂ ಜಾರದೆ. ಹೊಟ್ಟೆಗೆ ಬೆಂಕಿ ಬಿತ್ತು.

“ಯಾವಾಗ ಕಲ್ತಿ ಇದನ್ನ?” ಅಂದೆ.

“ಒಂದು ಸಾಫ್ಟ್‌ವೇರ್ ಐತಿ ಅಕ್ಕಾ. ಹಾಡಿನ ತುಣುಕು ಹಾಕಿದ್ರ ನಿಧಾನಕ್ಕ ತಿರುಗಿಸಿ ತಿರುಗಿಸಿ ಕೇಳಿಸ್ತೈತಿ, ಜೋಡಿಗೆ ನಾವು ಬಾರಿಸೋದು. ನಾಕು ಸುತ್ತಿಗೊಮ್ಮೆ ತಾನೇ ಒಂಚೂರು ವೇಗ ಏರಿಸ್ತೈತಿ. ಕೈಗೆ ಗೊತ್ತೇ ಆಗಂಗಿಲ್ಲ.”

ಆರ್ಕೆಸ್ಟ್ರಾದ ಯಜಮಾನರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ತೆಲುಗು, ಕನ್ನಡ ಕಲಸಿ ಮಾತಾಡುವ ಹಿರಿಯರು. “ಅಬ್ಬಬ್ಬಾ, ಏಮಿ ಕೈಯಮ್ಮಾ ನಿಂದು!” ಎಂದು ತಂಗಿಗೆ ಹೇಳಿ, ನನ್ನ ಕಡೆ ತಿರುಗಿ ದನಿ ಇಳಿಸಿದರು. “ಟೀಚರ್, ಕುರುಗೋಡಿನ ರಿಸೆಪ್ಷನ್‌ಗೆ ನೀವೇ ಲೀಡ್ ಬಾರಿಸ್ರಿ. ಅದು ಮುಗೀಲಿ, ಮುಂದ ಯಾರು ಅಂತ ಹೇಳ್ತೀನಿ.”

ನನ್ನ ಜಾಗಕ್ಕೆ ನಾನೇ ಪರೀಕ್ಷೆ ಕೊಡಬೇಕು! ಅದೂ ಅವಳ ಜೊತೆ!

ಆ ಸಾಫ್ಟ್‌ವೇರನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವಳೂ ಅವಳೇ. ಹಾಕುತ್ತಾ ಒಂದು ಮಾತು ಹೇಳಿದಳು. “ದಿನಾ ಏರಿಸಬ್ಯಾಡ ಅಕ್ಕಾ. ಒಂದೊಂದು ದಿನ ಏರಿಸೋದು ಬಂದ್ ಮಾಡಿ ಒಂದೇ ವೇಗಕ್ಕ ಬಾರಿಸು.” ಓಹೋ, ನಾನು ಹಿಂದೆ ಬೀಳಲಿ ಅಂತ ತಾನೆ ಈ ಉಪದೇಶ! ನಾನೇನು ಅಷ್ಟು ಪೆದ್ದಿಯೇ? ಶಾಲೆಗೆ ಹೊರಡುವ ಮುಂಚೆ, ಬಂದ ಮೇಲೆ, ಏರಿಸಿದ್ದೇ ಏರಿಸಿದ್ದು. ಒಲೆಯ ಮೇಲೆ ಬೇಳೆ ಸೀದು ಹೋದರೂ ಏಳಲಿಲ್ಲ. “ಆ ಸಾಫ್ಟ್‌ವೇರಿನ ತಾಳದ ಟಿಕ್ ಟಿಕ್ ನನ್ನ ಕನಸಿನ್ಯಾಗೂ ಬರಾಕತ್ತೈತಿ, ಸಾಕು ಮಾಡು,” ಎಂದು ಗಂಡ ಗೋಗರೆದರು. ಕೊನೆಗೆ ತಂಗಿಯ ವೇಗ ದಾಟಿದೆ. ಅವತ್ತು ಒಬ್ಬಳೇ ಕೂತು ಜೋರಾಗಿ ನಕ್ಕೆ.

ಕುರುಗೋಡಿನಲ್ಲಿ ಸೋಲೋ ಶುರುವಾದಾಗ ನನ್ನ ಕೈ ನೀರಿನಂತೆ ಹರಿಯಿತು. ಮದುಮಗನ ಗೆಳೆಯರು ಕುಣಿಯಲು ಎದ್ದರು. ಅವರು ನಿಲ್ಲಿಸುವ ತನಕ ಅದೇ ತುಣುಕನ್ನು ತಿರುಗಿಸಿ ನುಡಿಸುವುದು ನಮ್ಮ ಪದ್ಧತಿ. ತಿರುಗಿಸಿದೆ. ನಾಲ್ಕು ಸುತ್ತಾಯಿತು. ಕೈ ತಾನಾಗಿ ಏರಿತು. ಮತ್ತೆ ನಾಲ್ಕು, ಮತ್ತೆ ಏರಿತು. ನನಗೆ ಗೊತ್ತೇ ಆಗಲಿಲ್ಲ. ಡ್ರಮ್ಸಿನವನು ನನ್ನ ಹಿಂದೆಯೇ ಓಡಿಬಂದ. ಹಾಡುವವಳು ಮತ್ತೆ ಪಲ್ಲವಿ ಎತ್ತಿಕೊಂಡಾಗ ಅವಳ ಬಾಯಿಗೆ ಮಾತು ಸಿಗದೆ ಏದುಸಿರು ಬಂತು. ಆಗ ನನಗೆ ತಿಳಿಯಿತು, ಆದರೆ ನನ್ನ ಕೈ ನನ್ನ ಮಾತು ಕೇಳಬೇಕಲ್ಲ! ಹಿಂದಿನಿಂದ ತಂಗಿಯ ಗಿಟಾರ್ ಒತ್ತಿ ಒತ್ತಿ ಕೇಳಿಸತೊಡಗಿತು. ಡ್ರಮ್ಸಿನವನ ಕಡೆ ತಿರುಗಿ, ಕಾಲು ಬಡಿಯುತ್ತಾ, ಒಂದೊಂದೇ ಏಟಿಗೆ ಅವನ ವೇಗ ಇಳಿಸಿದಳು. ಅವನ ಜೊತೆ ನಾನೂ ಇಳಿದೆ. ಕುಣಿಯುವವರಿಗೆ ಏನೂ ಗೊತ್ತಾಗಲಿಲ್ಲ, ಶಿಳ್ಳೆ ಹೊಡೆದರು.

ವೇದಿಕೆಯಿಂದ ಇಳಿದು ಬಂದಾಗ ಯಜಮಾನರ ಮುಖ ಅರಳಿತ್ತು. “ಡ್ರಮ್ಸಿನ ಹುಡುಗ ಓಡಿಸಿಬಿಟ್ಟಿದ್ದ, ಸರಿಯಾದ ಟೈಮಿಗೆ ಹಿಡಿದು ನಿಲ್ಲಿಸಿದ್ರಿ ಟೀಚರ್. ಅನುಭವ ಅಂದ್ರ ಇದು! ಲೀಡ್ ನಿಮ್ದೇ.”

ತಂಗಿ ಪಕ್ಕದಲ್ಲೇ ಬಗ್ಗಿ ವೈರು ಸುತ್ತುತ್ತಿದ್ದಳು. ಕೇಳಿಸಿತ್ತು. ತುಟಿ ಬಿಚ್ಚಲಿಲ್ಲ. ಜಗಳಕ್ಕೆ ಬಂದಿದ್ದರೆ ನಾನೂ ಎರಡು ಮಾತಾಡಿ ಗೆದ್ದುಬಿಡುತ್ತಿದ್ದೆ. ಆದರೆ ಆ ದೊಡ್ಡಸ್ತಿಕೆ! ನನ್ನ ಜಾಗವನ್ನು ನನಗೇ ಭಿಕ್ಷೆ ಹಾಕುತ್ತಿದ್ದಾಳೆ ಅನ್ನಿಸಿ ಮೈಯೆಲ್ಲ ಉರಿಯಿತು.

“ಹಿಡಿದಾಕಿ ನಾನಲ್ಲರೀ! ಈಕಿ!” ಎಂದು ಚೀರಿದೆ. “ಓಡಿಸಿದಾಕಿ ನಾನು! ಕೊಡ್ರಿ ಈಕಿಗೇ ಕೊಡ್ರಿ, ಎಲ್ಲಾ ಈಕಿಗೇ ಕೊಡ್ರಿ!”

ಯಜಮಾನರು ಎರಡೂ ಕೈ ಮುಗಿದರು. “ಎಂಥಾ ದೊಡ್ಡ ಮನಸ್ಸು ಟೀಚರ್ ನಿಮ್ದು! ಅಕ್ಕ ಅಂದ್ರ ಹಿಂಗಿರಬೇಕು.” ಹೊಟ್ಟೆಕಿಚ್ಚಿನಿಂದ ಅಂದೆ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಲೀಡ್ ತಂಗಿಗೆ ಹೋಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಅವಳು ನನ್ನ ಪಕ್ಕಕ್ಕೇ ಬಂದು ಕೂತಳು. ಮೆಲ್ಲಗೆ ನನ್ನ ಕೈ ಹಿಡಿದಳು.

“ಅಕ್ಕಾ, ರಿದಮ್ ನಿನಗ ಹೊಸಾದು. ಭಾನುವಾರ ಅರ್ಧ ತಾಸು ಮೊದ್ಲ ಬಾ, ನಾ ಹೇಳಿಕೊಡ್ತೀನಿ.”

ಕೈ ಕಿತ್ತುಕೊಂಡೆ. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಭಾನುವಾರ, ಅವಳು ಹೇಳಿದ ಹೊತ್ತಿಗೆ ಸರಿಯಾಗಿ, ಹಲ್ಲು ಕಡಿಯುತ್ತಾ ಹೋದೆ.