ಮುಳಬಾಗಿಲಿನ ಪರದೆಗೆ ಬಾರದ ಪ್ರಶ್ನೆಗಳು

೨೦೨೩ರಲ್ಲಿ ನಾನು ಕೋಲಾರದಲ್ಲಿ, ಒಂದು ಖಾಸಗಿ ಟ್ರಸ್ಟ್ ನಡೆಸುತ್ತಿದ್ದ ಗ್ರಂಥಾಲಯದ ಮುಖ್ಯ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಆ ವಯಸ್ಸಿನಲ್ಲಿ ಹೊಸ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವವರು ಕಡಿಮೆ. ನಾನು ಎಳೆದುಕೊಂಡೆ. 'ಇದೆಲ್ಲ ನಮ್ಮ ಕಡೆ ನಡೆಯಲ್ಲ ಬಿಡಿ' ಎಂದು ಯಾರಾದರೂ ಅಂದರೆ ಸಾಕು, ಅದನ್ನು ನಡೆಸಿ ತೋರಿಸುವ ತನಕ ನನಗೆ ಸಮಾಧಾನವಿಲ್ಲ. ನನ್ನ ಮನೆಯವರು ಇದನ್ನು ಮೊಂಡುತನ ಎನ್ನುತ್ತಾರೆ, ನಾನೂ ಅಲ್ಲವೆನ್ನುವುದಿಲ್ಲ.

ಆ ಹೊಸ ಕೆಲಸದ ಹೆಸರು ಚಾಟ್ ರೆಫರೆನ್ಸ್. ಓದುಗರು ಮನೆಯಲ್ಲೇ ಕೂತು ಫೋನಿನಲ್ಲಿ ನಮ್ಮ ವೆಬ್‌ಸೈಟ್ ತೆರೆದು, ಮೂಲೆಯಲ್ಲಿರುವ ಪುಟ್ಟ ಚೌಕದಲ್ಲಿ ತಮಗೆ ಬೇಕಾದ್ದನ್ನು ಬರೆಯುತ್ತಾರೆ. ಇತ್ತ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತವರು ಆಗಿಂದಾಗಲೇ ಉತ್ತರ ಬರೆಯುತ್ತಾರೆ. ಪುಸ್ತಕ ಇದೆಯೇ, ಯಾವ ಶಾಖೆಯಲ್ಲಿದೆ, ಕೇಳಿದ ವಿಷಯ ಯಾವ ಪುಟದಲ್ಲಿ ಸಿಗುತ್ತದೆ ಎಂದು ತಿಳಿಸುತ್ತಾರೆ. ಮಾಸ್ತಿಯಿಂದ ಬಸ್ಸು ಹಿಡಿದು ಮಾಲೂರಿಗೆ ಬಂದು, 'ಆ ಪುಸ್ತಕ ಕೋಲಾರದಲ್ಲಿದೆ' ಎಂಬ ಮಾತು ಕೇಳಿ ಬರಿಗೈಯಲ್ಲಿ ಹಿಂತಿರುಗಿದವರ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವರಿಗಾಗಿಯೇ ಈ ಸೇವೆ ಬೇಕೆಂದು ಹಟ ಹಿಡಿದಿದ್ದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ನಮಗೆ ನಾಲ್ಕು ಶಾಖೆಗಳು. ಓದುಗರು ಚೌಕದಲ್ಲಿ ಆರಿಸಿದ ಊರಿನ ಶಾಖೆಗೇ ಪ್ರಶ್ನೆ ಹೋಗುವಂತೆ ಏರ್ಪಾಟು ಮಾಡಿದೆವು.

ಇದಕ್ಕೆ ಬೆಂಗಳೂರಿನ ಒಂದು ಕಂಪನಿಯ ಸಾಫ್ಟ್‌ವೇರ್ ತೆಗೆದುಕೊಂಡೆವು. ಅದನ್ನು ಕಂಪ್ಯೂಟರಿಗೆ ತುಂಬಬೇಕಾಗಿರಲಿಲ್ಲ, ಬ್ರೌಸರಿನಲ್ಲೇ ಒಂದು ಪುಟವಾಗಿ ತೆರೆದುಕೊಳ್ಳುತ್ತಿತ್ತು. ಕೇಳಲು ಸುಲಭ. ಆದರೆ ಬ್ರೌಸರ್ ಎನ್ನುವುದು ಬಲು ಅನುಮಾನದ ಪ್ರಾಣಿ. ಹೊಸ ಕಿಟಕಿ ತೆರೆಯಲು ಬಿಡುವುದಿಲ್ಲ, ಸದ್ದು ಮಾಡಲು ಬಿಡುವುದಿಲ್ಲ, ಸ್ವಲ್ಪ ಹೊತ್ತು ಮುಟ್ಟದಿದ್ದರೆ ಪುಟವನ್ನು ಮಲಗಿಸಿಬಿಡುತ್ತದೆ. ಪಾಪ್-ಅಪ್‌ಗೆ ಅನುಮತಿ, ನೋಟಿಫಿಕೇಶನ್‌ಗೆ ಅನುಮತಿ, ಧ್ವನಿಗೆ ಅನುಮತಿ, ಈ ಪುಟವನ್ನು ಮಲಗಿಸಬೇಡ ಎಂಬ ಅಪ್ಪಣೆ, ಎಲ್ಲವನ್ನೂ ಸೆಟ್ಟಿಂಗ್ಸ್ ಒಳಗೆ ಹುಡುಕಿ ಒಂದೊಂದಾಗಿ ಕೊಡಬೇಕು. ನಾನೇ ನಾಲ್ಕು ಊರೂ ಸುತ್ತಿ ಇದನ್ನೆಲ್ಲ ಮಾಡಿಕೊಟ್ಟು, ಕೂತವರಿಗೆ ಕಲಿಸಿ ಬಂದೆ. ಶ್ರೀನಿವಾಸಪುರದಲ್ಲಿ ಎಲ್ಲ ಸರಿಯಿದ್ದರೂ ಸದ್ದೇ ಬರಲಿಲ್ಲ. ನೋಡಿದರೆ, ಓದುವವರಿಗೆ ತೊಂದರೆ ಆಗುತ್ತದೆಂದು ಸ್ಪೀಕರನ್ನು ಎಂದೋ ಕಿತ್ತು ಬೀರುವಿನಲ್ಲಿಟ್ಟಿದ್ದರು.

ಮಾಲೂರು ಸರಿಹೋಯಿತು, ಶ್ರೀನಿವಾಸಪುರ ಸರಿಹೋಯಿತು. ಮುಳಬಾಗಿಲಿನಿಂದ ಮಾತ್ರ ದೂರು ಬರತೊಡಗಿತು. ಓದುಗರು ಪ್ರಶ್ನೆ ಕೇಳುತ್ತಾರೆ, ಕಾಯುತ್ತಾರೆ, ಉತ್ತರವಿಲ್ಲ. ಕೋಲಾರದ ನನ್ನ ಪರದೆಯಲ್ಲಿ ನೋಡಿದರೆ ಮುಳಬಾಗಿಲಿನ ಸಹಾಯಕಿ ಸೀಟಿನಲ್ಲೇ ಇದ್ದಾರೆಂದು ಹಸಿರು ಚುಕ್ಕೆ ಉರಿಯುತ್ತಿರುತ್ತಿತ್ತು, ಪಕ್ಕದಲ್ಲಿ ಉತ್ತರ ಸಿಗದ ಪ್ರಶ್ನೆಗಳು ಬೆಳೆಯುತ್ತಿದ್ದವು. ವೆಂಕಟರವಣಪ್ಪನವರೆಂಬ ನಿವೃತ್ತ ಮೇಷ್ಟ್ರು ಮದುವೆಗೆಂದು ಕೋಲಾರಕ್ಕೆ ಬಂದವರು ನೇರವಾಗಿ ನನ್ನ ಕೋಣೆಗೇ ಬಂದು ತರಾಟೆಗೆ ತೆಗೆದುಕೊಂಡರು. ದೇವರಾಯಸಮುದ್ರದ ಕೆರೆಯ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ, ಮೂರು ಸಲ ಕೇಳಿದೆ, ಗೋಡೆಗೆ ಹೇಳಿದಂತಾಯಿತು ಎಂದರು. ನನಗೆ ನಾಚಿಕೆಯಾಯಿತು.

ಮುಳಬಾಗಿಲಿನ ಸಹಾಯಕಿಯ ಹೆಸರು ಪದ್ಮಾವತಿ. ಅದೇ ದೇವರಾಯಸಮುದ್ರದವಳು. ಬೆಳಿಗ್ಗೆ ಎದ್ದು ಮನೆಯ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಬಸ್ಸು ಹಿಡಿದು, ಗ್ರಂಥಾಲಯದ ಬೀಗ ತೆಗೆಯುತ್ತಿದ್ದಳು. ಮನೆಯಲ್ಲಿ ತಿಂಗಳ ಸಂಬಳ ಎಂದು ತರುವವಳು ಅವಳೊಬ್ಬಳೇ. ಕೆಲಸ ಗುತ್ತಿಗೆಯದು, ವರ್ಷಕ್ಕೊಮ್ಮೆ ಟ್ರಸ್ಟಿನ ಸಭೆಯಲ್ಲಿ ಮುಂದುವರಿಸಬೇಕು. ಆ ಸಭೆ ಹತ್ತಿರ ಬಂದಿತ್ತು.

ಟ್ರಸ್ಟಿನ ಕಾರ್ಯದರ್ಶಿ ನಾರಾಯಣಸ್ವಾಮಿಯವರು ಕೆಟ್ಟವರಲ್ಲ, ಆದರೆ ಆತುರದವರು. ಅವಳಿಗೆ ಫೋನ್ ಮಾಡಿ ಕೇಳಿದ್ದಾರೆ. ಪ್ರಶ್ನೆಗಳೇ ಬಂದಿಲ್ಲ ಸಾರ್ ಎಂದು ಅವಳು ಹೇಳಿದ್ದಾಳೆ. ಇಷ್ಟು ಜನ ಕೇಳಿದ್ದೇವೆ ಎನ್ನುವಾಗ ಬಂದೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನೆದುರೇ ನಕ್ಕರು. ನಾನು ಕಂಪನಿಯ ಎಂಜಿನಿಯರ್ ಕಿರಣ್‌ಗೆ ಪರೀಕ್ಷಿಸಲು ಹೇಳಿದೆ. ಅವರು ಬೆಂಗಳೂರಿನಲ್ಲಿ ಕೂತೇ ಪದ್ಮಾವತಿಯ ಹೆಸರಿನಲ್ಲಿ ಲಾಗಿನ್ ಆಗಿ ನೋಡಿದರು. ಪ್ರಶ್ನೆ ಬರುತ್ತಿದೆ, ಸದ್ದೂ ಬರುತ್ತಿದೆ, ನಮ್ಮಲ್ಲಿ ಯಾವ ದೋಷವೂ ಇಲ್ಲ ಎಂದು ಉತ್ತರ ಕೊಟ್ಟರು. ಕಾರ್ಯದರ್ಶಿಗಳಿಗೆ ಅಷ್ಟೇ ಸಾಕಾಯಿತು.

"ಮೇಡಂ, ಯಂತ್ರ ಸರಿಯಿದೆ ಅಂತ ಅವರೇ ಹೇಳ್ತಾವ್ರೆ. ಇನ್ನು ಉಳಿದಿರೋದು ಮನುಷ್ಯರು ತಾನೆ? ಈ ಸಲ ಬೇರೆಯವರನ್ನ ನೋಡಿ," ಎಂದರು.

ನನಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಪದ್ಮಾವತಿಯನ್ನು ನಾನು ವರ್ಷಗಳಿಂದ ಬಲ್ಲೆ. ಓದುಗರೊಬ್ಬರು ಪುಸ್ತಕದ ಹೆಸರು ಮರೆತು 'ಹಸಿರು ರಟ್ಟಿಂದು' ಎಂದರೂ ಹುಡುಕಿ ಕೊಡುವ ತನಕ ಬಿಡದವಳು. ಅಂಥವಳು ಪ್ರಶ್ನೆ ನೋಡಿ ಸುಮ್ಮನೆ ಕೂರುತ್ತಾಳೆಯೇ? ಮಾರನೆಯ ದಿನವೇ ಮುಳಬಾಗಿಲಿನ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಸುದ್ದಿ ಅವಳಿಗೆ ಮುಟ್ಟಿತ್ತು. ಕಣ್ಣು ಕೆಂಪಾಗಿತ್ತು. ಕುರ್ಚಿ ನನಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಳು.

"ನಾನು ಈ ಜಾಗ ಬಿಟ್ಟು ಕದ್ಲಿಲ್ಲ ಮೇಡಂ. ಬುತ್ತೀನೂ ಇಲ್ಲೇ ಬಿಚ್ತೀನಿ. ಬಂದಿದ್ರೆ ನೋಡ್ದೆ ಇರ್ತೀನಾ?"

ನಾನು ಒಂದೊಂದೇ ಸೆಟ್ಟಿಂಗ್ ತೆರೆದು ನೋಡಿದೆ. ಪಾಪ್-ಅಪ್ ಸರಿ, ನೋಟಿಫಿಕೇಶನ್ ಸರಿ, ಧ್ವನಿ ಸರಿ, ಪುಟ ಮಲಗಿರಲಿಲ್ಲ. ಸ್ಪೀಕರ್ ಮೇಜಿನ ಮೇಲೇ ಇತ್ತು. ನನ್ನ ಫೋನಿನಿಂದ ಓದುಗರಂತೆ ಒಂದು ಪ್ರಶ್ನೆ ಕಳಿಸಿದೆ. ಏನೂ ಬರಲಿಲ್ಲ. ಇನ್ನೊಂದು ಕಳಿಸಿದೆ, ಅದೂ ಇಲ್ಲ. ಪರದೆಯ ಮೇಲೆ ಯಾರೂ ಕಾಯುತ್ತಿಲ್ಲ ಎಂದೇ ತೋರಿಸುತ್ತಿತ್ತು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಂದು ಕಡೆ ಸಂತೋಷವಾಯಿತು, ಇನ್ನೊಂದು ಕಡೆ ತಲೆ ಕೆಟ್ಟುಹೋಯಿತು. ಏಕೆಂದರೆ 'ಬರುತ್ತಿಲ್ಲ' ಎಂದಷ್ಟೇ ಹೇಳಿದರೆ ಬೆಂಗಳೂರಿನವರು ನಮ್ಮಲ್ಲಿ ಬರುತ್ತಿದೆ ಎಂದುಬಿಡುತ್ತಾರೆ. ಕಾರಣ ಸಿಗಬೇಕಿತ್ತು.

ಅವಳು ತರಿಸಿದ ಕಾಫಿ ಕುಡಿಯುತ್ತ ಆ ಪರದೆಯನ್ನೇ ನೋಡುತ್ತಿದ್ದೆ. ಮೇಲ್ಗಡೆ 'ಹರಟೆ ಸಾಲು' ಎಂದು ಬರೆದಿತ್ತು. ನನಗೆ ನಗು ಬಂತು. ಗ್ರಂಥಾಲಯದಲ್ಲಿ ಹರಟೆಗೆ ಸಾಲು ನಿಲ್ಲಿಸುವವರು ಯಾರಪ್ಪ ಎಂದುಕೊಂಡೆ. ಆಮೇಲೆ ನಗು ನಿಂತಿತು. ಈ ಸಾಫ್ಟ್‌ವೇರಿಗೆ ಕನ್ನಡವೇ ಇಲ್ಲವಲ್ಲ! ಕೋಲಾರದ ನನ್ನ ಪರದೆಯಲ್ಲಿ ಆ ಜಾಗದಲ್ಲಿ 'ಚಾಟ್ ಕ್ಯೂ' ಎಂದಿತ್ತು, ಎಲ್ಲ ಗುಂಡಿಗಳೂ ಇಂಗ್ಲಿಷಿನಲ್ಲಿದ್ದವು. ನಾನು ಇಲ್ಲಿ ಬಂದು ಕಲಿಸಿಕೊಟ್ಟಾಗಲೂ ಇಂಗ್ಲಿಷಿನಲ್ಲೇ ಇದ್ದವು.

ಇದು ಕನ್ನಡಕ್ಕೆ ಹೇಗೆ ಬಂತು ಎಂದು ಕೇಳಿದೆ. ಅವಳು ಹೆದರಿದಳು.

"ನೀವು ಹೋದ ಮಾರನೇ ದಿನ ಅದೇ ಕೇಳ್ತು ಮೇಡಂ, ಈ ಪುಟಾನ ಕನ್ನಡಕ್ಕೆ ಮಾಡ್ಲಾ ಅಂತ. ಯಾವಾಗ್ಲೂ ಮಾಡು ಅಂತ ಒತ್ತಿಬಿಟ್ಟೆ. ಅಷ್ಟೊಂದು ಇಂಗ್ಲಿಷ್ ನಂಗೆ ಹಿಡಿತಕ್ಕೆ ಬರಲ್ಲ. ತಪ್ಪಾಯ್ತಾ?"

ತಪ್ಪಲ್ಲ. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಒತ್ತುತ್ತಿದ್ದರು. ಬ್ರೌಸರುಗಳಲ್ಲಿ ತಾನಾಗಿಯೇ ಅನುವಾದ ಮಾಡುವ ಒಂದು ಸೌಲಭ್ಯವಿರುತ್ತದೆ. ಸುಮ್ಮನೆ ಓದುವ ಪುಟಗಳಿಗೆ ಅದರಿಂದ ಅನುಕೂಲವೇ. ಆದರೆ ಚಾಟ್ ಪುಟ ತನ್ನ ಪ್ರತಿಯೊಂದು ಪದ ಎಲ್ಲಿದೆ ಎಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಹೊಸ ಪ್ರಶ್ನೆ ಬಂದಾಗ ಆ ಲೆಕ್ಕದ ಪ್ರಕಾರ ಜಾಗ ಹುಡುಕಿ ಕೂರಿಸುತ್ತದೆ. ಅನುವಾದಕ ಹೊರಗಿನಿಂದ ಬಂದು ಆ ಪದಗಳನ್ನೆಲ್ಲ ಎತ್ತಿ ಬೇರೆಯವನ್ನು ಇಟ್ಟುಬಿಟ್ಟಿತ್ತು. ನಾವು ಕ್ರಮಸಂಖ್ಯೆ ಹಾಕಿ ಇಟ್ಟ ಕಪಾಟನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಎತ್ತರದ ಪ್ರಕಾರ ಜೋಡಿಸಿಟ್ಟ ಹಾಗೆ. ಪುಟ ತನ್ನ ಜಾಗ ಕಾಣದೆ ಎಡವಿ, ಅಲ್ಲಿಗೇ ನಿಂತುಹೋಗುತ್ತಿತ್ತು. ನೋಡಲು ಮಾತ್ರ ಏನೂ ಆಗದಂತೆ ಇರುತ್ತಿತ್ತು. ಈ ವಿವರ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನನಗಿದ್ದದ್ದು ಅನುಮಾನ ಅಷ್ಟೇ.

ಸೆಟ್ಟಿಂಗ್ಸ್‌ನಲ್ಲಿ 'ಭಾಷೆಗಳು' ಎಂಬಲ್ಲಿಗೆ ಹೋಗಿ, ಈ ಪುಟವನ್ನು ಎಂದಿಗೂ ಅನುವಾದಿಸಬೇಡ ಎಂದು ಹಾಕಿದೆ. ಪುಟವನ್ನು ಮತ್ತೆ ತೆರೆದೆ. ಅಷ್ಟರಲ್ಲಿ ಪದ್ಮಾವತಿ ನನ್ನ ಫೋನು ತೆಗೆದುಕೊಂಡು ಒಂದು ಪ್ರಶ್ನೆ ಕಳಿಸಿದಳು. ಟಿಣ್ ಎಂದು ಸದ್ದಾಯಿತು. ಗಾಬರಿಗೂ ಸಂತೋಷಕ್ಕೂ ಅವಳಿಗೆ ತೆಲುಗೇ ಬರುವುದು, 'ಬಂತು' ಎಂಬುದನ್ನೂ ತೆಲುಗಿನಲ್ಲೇ ಕೂಗಿದಳು.

"ಒಚ್ಚಿಂದಿ ಮೇಡಂ, ಒಚ್ಚಿಂದಿ," ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಓದುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅನುವಾದ ಮತ್ತೆ ಹಾಕಿದೆ, ಸದ್ದು ನಿಂತಿತು. ತೆಗೆದೆ, ಬಂತು. ಇನ್ನೊಮ್ಮೆ ಹಾಕಿ ತೆಗೆದು ಖಚಿತ ಮಾಡಿಕೊಂಡು ಕಿರಣ್‌ಗೆ ಫೋನ್ ಮಾಡಿದೆ. ಅವರ ಬ್ರೌಸರಿನಲ್ಲೂ ಕನ್ನಡ ಅನುವಾದ ಹಾಕಿ ನೋಡಲು ಹೇಳಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು ಎಂದು ಶುರುಮಾಡಿದರು. ಇದೆಯೋ ಇಲ್ಲವೋ ಒತ್ತಿ ನೋಡಿ ಹೇಳಪ್ಪ ಎಂದೆ. ಸ್ವಲ್ಪ ಹೊತ್ತು ಕೀಲಿಗಳ ಸದ್ದು ಮಾತ್ರ ಕೇಳಿಸಿತು.

"ಮೇಡಂ, ಇಲ್ಲೂ ನಿಂತೋಯ್ತು," ಎಂದರು ಕಿರಣ್. ಅವರು ಪ್ರಾಮಾಣಿಕರು, ಒಂದು ಕ್ಷಣವೂ ನೆಪ ಹೇಳಲಿಲ್ಲ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಬಳಸುತ್ತಿದ್ದುದರಿಂದ ಯಾರಿಗೂ ಇದು ಕಂಡಿರಲಿಲ್ಲ.

ನಿಂತುಹೋಗಿದ್ದ ಹಳೆಯ ಪ್ರಶ್ನೆಗಳೆಲ್ಲ ಈಗ ಒಟ್ಟಿಗೆ ಕಾಣಿಸಿದವು. ನಾನು ಕೋಲಾರಕ್ಕೆ ಹೊರಡುವಾಗ ಪದ್ಮಾವತಿ ಒಂದೊಂದಕ್ಕೂ ಕ್ಷಮೆ ಕೇಳಿ ಉತ್ತರ ಬರೆಯುತ್ತಿದ್ದಳು. ವೆಂಕಟರವಣಪ್ಪ ಮೇಷ್ಟ್ರಿಗೆ ಪುಸ್ತಕಗಳ ಹೆಸರಿನ ಜೊತೆಗೆ, ನಮ್ಮೂರಿಗೇ ಬನ್ನಿ ಸಾರ್, ಕೆರೆ ಏರಿ ಮೇಲೆ ಕರ್ಕೊಂಡು ಹೋಗಿ ತೋರಿಸ್ತೀನಿ ಎಂದೂ ಬರೆದಳು.

ಆದರೆ ಇಷ್ಟರಿಂದಲೇ ಅವಳ ನೌಕರಿ ಉಳಿದಂತಾಗಲಿಲ್ಲ ಎಂಬುದು ನನಗೆ ಗೊತ್ತಿತ್ತು. ಸಭೆಯಲ್ಲಿ ನಾನು ಕಾರಣವನ್ನು ವಿವರಿಸಿದೆ. ನಾರಾಯಣಸ್ವಾಮಿಯವರು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಅವರ ಪ್ರಶ್ನೆ ಬಂತು. ಇಂಗ್ಲಿಷ್ ಬರದಿದ್ದುದರಿಂದಲೇ ತಾನೆ ಇಷ್ಟೆಲ್ಲ ಆದದ್ದು? ಬರುವವರನ್ನೇ ತೆಗೆದುಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ. ಇಬ್ಬರು ಟ್ರಸ್ಟಿಗಳು ತಲೆಯಾಡಿಸಿದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.

ನಾನು ವಾದ ಮಾಡಲಿಲ್ಲ. ಕಾರ್ಯದರ್ಶಿಗಳನ್ನೇ ಅವರ ಫೋನಿನಿಂದ, ಹೆಸರು ಹೇಳದೆ, ಮುಳಬಾಗಿಲಿಗೆ ಏನಾದರೂ ಕೇಳಿ ನೋಡಿ ಎಂದೆ. ಅವರದು ಶ್ರೀನಿವಾಸಪುರದ ಕಡೆ ದೊಡ್ಡ ಮಾವಿನ ತೋಪು. ಮಾವಿಗೆ ಜಿಗಿಹುಳು ಬಿದ್ದಿದೆ, ಯಾವ ಪುಸ್ತಕ ನೋಡಬೇಕು ಎಂದು ಕೇಳಿದರು. ಉತ್ತರ ತಕ್ಷಣವೇ ಬಂತು. ಅದನ್ನು ಅವರೇ ಗಟ್ಟಿಯಾಗಿ ಓದಿದರು.

"ನಮಸ್ಕಾರ. ಹೂ ಬಿಡೋ ಮುಂಚೆಯೋ, ಕಾಯಿ ಕಚ್ಚಿದ ಮೇಲೋ? ಎಲೆ ಅಂಟಂಟು ಆಗಿದೆಯಾ? ಹೇಳಿದ್ರೆ ಸರಿಯಾದ ಪುಟಾನೇ ತೆಗೆದು ಕೊಡ್ತೀನಿ."

ಗ್ರಂಥಪಾಲಕರ ವಿದ್ಯೆಯಲ್ಲಿ ಇದಕ್ಕೆ ರೆಫರೆನ್ಸ್ ಇಂಟರ್‌ವ್ಯೂ ಎನ್ನುತ್ತಾರೆ. ಜನ ಮೊದಲು ಕೇಳುವುದು ಅವರಿಗೆ ನಿಜವಾಗಿ ಬೇಕಾದದ್ದಲ್ಲ, ಮರುಪ್ರಶ್ನೆ ಕೇಳಿ ಅದನ್ನು ಹೊರಗೆ ತೆಗೆಯಬೇಕು. ನಾರಾಯಣಸ್ವಾಮಿಯವರು ಪರೀಕ್ಷೆ ಮಾಡಲು ಕೂತವರು ಅದನ್ನು ಮರೆತೇಬಿಟ್ಟರು. ತೋಪಿನ ಕಥೆಯನ್ನೆಲ್ಲ ಬರೆದರು. ಅವಳು ಪುಟದ ಚಿತ್ರ ಕಳಿಸಿದಳು, ಆ ಪುಸ್ತಕದ ಇನ್ನೊಂದು ಪ್ರತಿ ಶ್ರೀನಿವಾಸಪುರದಲ್ಲೇ ಇದೆ, ತೆಗೆದಿಡಲು ಹೇಳಲೇ ಎಂದು ಕೇಳಿದಳು. ಇವರು ಹೇಳಮ್ಮ ಎಂದು ಬರೆದರು. ಸಭೆಯ ಮುಂದಿನ ವಿಷಯ ಕಾಯುತ್ತಲೇ ಇತ್ತು.

ಆಗ ನಾನು ಬಾಯಿ ತೆರೆದೆ. "ಕೇಳೋರು ಕನ್ನಡದಲ್ಲಿ ಕೇಳ್ತಾರೆ, ಉತ್ತರ ಕನ್ನಡದಲ್ಲಿ ಹೋಗತ್ತೆ ಸಾರ್. ಇಂಗ್ಲಿಷ್ ಇರೋದು ಗುಂಡಿ ಮೇಲೆ ಮಾತ್ರ. ಬದಲಾಗ್ಬೇಕಾದ್ದು ಗುಂಡೀನೋ, ಪದ್ಮಾವತೀನೋ, ನೀವೇ ಹೇಳಿ," ಎಂದೆ.

ಅವರು ಫೋನು ಕೆಳಗಿಟ್ಟರು. "ಗುಂಡಿ ಬದಲಾಯಿಸಿ ಮೇಡಂ," ಎಂದರು. ಅವಳ ಕೆಲಸವನ್ನು ಮುಂದುವರಿಸುವ ತೀರ್ಮಾನವನ್ನು ಅವರೇ ಬರೆಸಿದರು. ನಾನು ಅಲ್ಲೇ, ಎಲ್ಲರ ಮುಂದೆ, ಅವಳಿಗೆ ಫೋನ್ ಮಾಡಿ ಹೇಳಿದೆ. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಿಂದ ಮಾಡಿದ ಫೋನು ಇನ್ನೊಂದಿಲ್ಲ.

ಕಂಪನಿಯವರೂ ಕೈಜೋಡಿಸಿದರು. ಕಿರಣ್ ಮೊದಲು ಆ ಪುಟಕ್ಕೆ ಅನುವಾದಕ ಕೈ ಹಾಕದಂತೆ ತಡೆ ಹಾಕಿದರು, ಆಮೇಲೆ ಕನ್ನಡದ್ದೇ ಪರದೆ ಮಾಡಿಕೊಡಲು ಒಪ್ಪಿದರು. ಗುಂಡಿಗಳಿಗೆ ಪದ ಕೊಡಿ ಎಂದು ನನ್ನನ್ನು ಕೇಳಿದಾಗ ನಾನು ನಾಲ್ಕೂ ಶಾಖೆಯವರನ್ನು ಕೋಲಾರಕ್ಕೆ ಕರೆಸಿದೆ. ಒಂದು ಮಧ್ಯಾಹ್ನವೆಲ್ಲ ಜಗಳವಾಡಿದೆವು. ಮಾಲೂರಿನವರು ಒಂದು ಪದ ಅಂದರೆ ಶ್ರೀನಿವಾಸಪುರದವರು ಮೂಗು ಮುರಿದರು. ನಾನು ಸೂಚಿಸಿದ ಸಂಸ್ಕೃತದ ಭಾರೀ ಪದಗಳು ಒಂದೂ ಉಳಿಯಲಿಲ್ಲ, ಅದಕ್ಕೆ ನನಗೆ ಬೇಸರವೂ ಆಗಲಿಲ್ಲ. ಹೊಸ ಪರದೆ ಬಂದ ದಿನ ಅದರ ನೆತ್ತಿಯ ಮೇಲೆ 'ಕೇಳಲು ಬಂದವರು' ಎಂದಿತ್ತು. ಆ ಪದ ಕೊಟ್ಟವಳು ಪದ್ಮಾವತಿ.

ಈಗ ನಾನು ನಿವೃತ್ತಳು. ಮೂವತ್ತು ಚಿಲ್ಲರೆ ವರ್ಷದ ಕೆಲಸ ಏನು ಕಲಿಸಿತು ಎಂದು ಕೇಳುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ಒಬ್ಬರು 'ನನಗೆ ಕಾಣಿಸಲಿಲ್ಲ' ಎಂದರೆ ಸುಳ್ಳು ಎನ್ನುವ ಮೊದಲು ಅವರ ಕುರ್ಚಿಯಲ್ಲಿ ಕೂತು ಅವರ ಪರದೆಯನ್ನು ನೋಡಬೇಕು. ಬೆಂಗಳೂರಿನಿಂದಲೋ ಕೋಲಾರದಿಂದಲೋ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಳಬಾಗಿಲಿಗೆ ಬಸ್ಸಿದೆ, ಹತ್ತಿ ಹೋಗಬೇಕು ಅಷ್ಟೇ.