ಕೇಳಿ ತೆಗೆದ ಫೋಟೋ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಹಚ್ಚಿ ಹಾಗಾಗಿತ್ತು. ಗೊತ್ತಿಲ್ಲದ ಹೆಣ್ಣುಮಕ್ಕಳು, ಕಣ್ಣು ಹೊಡೆದರೆಂದು ಸಿಟ್ಟಾಗಿ ಎದ್ದು ಹೋದದ್ದೂ ಉಂಟು. ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಯ ಕೆಳಗೇ ಅವರ ಸ್ಟುಡಿಯೋ. ನಮಗೆಲ್ಲ ಅವರು ಸ್ಟುಡಿಯೋ ಮಾಮ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನಗೆ ಮೂವತ್ತು ದಾಟಿದ ಮೇಲೆ ಫೋಟೋ ಹುಚ್ಚು ಹಿಡಿಯಿತು. ಕುರುಗೋಡಿನ ಗುಡ್ಡ ಹತ್ತಿ ಬಂಡೆಗಳ ಫೋಟೋ ತೆಗೆದು ತಂದು ತೋರಿಸಿದೆ. "ಕಲ್ಲೇನೋ ಚಲೋ ಬಂದಾವು. ಮಂದಿ ಎಲ್ಲಿ?" ಎಂದರು. ಮಂದಿಯ ಎದುರು ಕ್ಯಾಮೆರಾ ಎತ್ತಲು ನನಗೆ ನಾಚಿಕೆ. ದೂರದಿಂದ ಕದ್ದು ತೆಗೆಯುತ್ತಿದ್ದೆ; ಸಿಗುತ್ತಿದ್ದದ್ದು ಬೆನ್ನು, ಇಲ್ಲವೇ ಹುಬ್ಬು ಗಂಟಿಕ್ಕಿದ ಮುಖ. ಹಾಗಂತ ಮಾಮನೂ ಮಹಾ ಕಲಾವಿದರೇನಲ್ಲ. ಅರ್ಧ ಬಳ್ಳಾರಿಯ ಮದುಮಕ್ಕಳ ಪಾದವನ್ನು ಫ್ರೇಮಿನಲ್ಲಿ ಕತ್ತರಿಸಿದ ಕೀರ್ತಿ ಅವರದು. ಆದರೆ ಅವರ ಫೋಟೋದಲ್ಲಿ ಯಾರೂ ಹೆದರಿರುತ್ತಿರಲಿಲ್ಲ.

ಒಮ್ಮೆ ನನ್ನನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಮನೆಯಲ್ಲಿ ಅಜ್ಜಿ ತೀರಿಕೊಂಡಿದ್ದರು. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರಿಗೆ ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸುತ್ತಾರೆ. ಮನೆಯವರೆಲ್ಲ ಸುತ್ತ ಕೂತು ಕೊನೆಯ ಫೋಟೋ ತೆಗೆಸುತ್ತಾರೆ. ಮಾಮ ಚೀಲ ಬಿಚ್ಚಲೇ ಇಲ್ಲ. ಭಜನೆಯವರ ಪಕ್ಕ ನೆಲಕ್ಕೆ ಕೂತು ತಾವೂ ದನಿಗೂಡಿಸಿದರು. ಆಮೇಲೆ ಎದ್ದು, ಅಜ್ಜಿಯ ಮುಂದೆ ಬಗ್ಗಿ, "ಅವ್ವಾ, ತೆಗಿತೀನಿ ನೋಡ್ರಿ" ಎಂದರು.

ಸತ್ತವರನ್ನೇನು ಕೇಳುವುದು ಎಂದು ಬರುವಾಗ ಬಸ್ಸಿನಲ್ಲಿ ಕೇಳಿದೆ.

"ಅವ್ರಿಗೆ ಬ್ಯಾಡ ಅನ್ನಾಕ ಬರಂಗಿಲ್ಲ. ಅದಕ್ಕ ಅವ್ರನ್ನ ಮೊದ್ಲು ಕೇಳಬೇಕು."

ಮುಂದಿನ ರಜೆಯಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಮಂಗೋಲಿಯಾದ ಗೋಬಿ ಮರುಭೂಮಿಗೆ ಹೊರಟೆ. ಬಳ್ಳಾರಿ ಬಿಸಿಲು ಸಾಲದೆಂದು ಒಣಗಲು ಇನ್ನೊಂದು ದೇಶಕ್ಕೆ ಹೋಗುವವಳು ನೀನೊಬ್ಬಳೇ ಎಂದು ಮಾಮ ನಕ್ಕರು. ಒಂದೇ ಒಂದು ಮುಖ ತೆಗೆದುಕೊಂಡು ಬಾ, ಬರೀ ಮರಳು ತಂದರೆ ನಿನಗೆ ಚಹಾ ಇಲ್ಲ ಎಂದು ಕರಾರು ಹಾಕಿದರು.

ಅಲ್ಲಿ ಮರಳು ಬೇಕಾದಷ್ಟು ಸಿಕ್ಕಿತು, ಮುಖ ಸಿಗಲಿಲ್ಲ. ಹಿಂತಿರುಗುವ ದಿನ ಹತ್ತಿರ ಬಂದಾಗ, ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ನಾನು ದೂರದಿಂದ ಕ್ಯಾಮೆರಾ ಎತ್ತಿದ್ದು ಕಂಡು ಕೈ ಅಡ್ಡ ಹಿಡಿದಳು. ನಾಚಿ ಕ್ಯಾಮೆರಾ ಒಳಗಿಟ್ಟೆ. ಅವಳೇ ಡೇರೆಗೆ ಕರೆದು ಉಪ್ಪು ಹಾಕಿದ ಚಹಾ ಕೊಟ್ಟಳು; ಕಷ್ಟಪಟ್ಟು ಕುಡಿದೆ. ಸಂಜೆ ಮರಿಗಳನ್ನು ದೊಡ್ಡಿಗೆ ಹೊಡೆಯಲು ಕೈಜೋಡಿಸಿದೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಹೊರಡುವಾಗ ಕ್ಯಾಮೆರಾ ತೋರಿಸಿ, "ಅವ್ವಾ, ತೆಗಿತೀನಿ ನೋಡ್ರಿ" ಎಂದು ಕನ್ನಡದಲ್ಲೇ ಕೇಳಿದೆ. ಅವಳು ತಲೆಯ ಬಟ್ಟೆ ಸರಿಮಾಡಿಕೊಂಡು, ಎದ್ದು ನಿಂತು, ನೇರ ನನ್ನನ್ನೇ ನೋಡಿದಳು.

ನಾನು ಊರಿಗೆ ಬಂದಾಗ ಮಾಮ ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದರು. ಇನ್ನು ಏನೂ ಮಾಡಲಾಗದೆಂದು ಡಾಕ್ಟರು ಹೇಳಿಯಾಗಿತ್ತು. ಮುದುಕಿಯ ಫೋಟೋ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಪಾದ ಕತ್ತರಿಸೀಯಲ್ಲ. ನನ್ನ ಶಿಷ್ಯೆನೇ ಬಿಡು ನೀನು."

ಆಮೇಲೆ ಮಗಳನ್ನು ಕರೆದು ನನಗೆ ಚಹಾ ಮಾಡಿಸಿದರು.

ಅದೇ ವಾರ ತೀರಿಕೊಂಡರು. ಫೋಟೋಕ್ಕೆ ಮನೆಯವರು ನನ್ನನ್ನೇ ಕರೆದರು. ಮಾಮನಿಗೂ ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ದರು. ಎರಡೂ ಕಣ್ಣು ಒಂದೇ ಸಮ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಜನೆಯವರ ಪಕ್ಕ ಕೂತೆ. ಹಾಡಲು ಹೋದರೆ ಅಳು ಬಂತು. ಅತ್ತು ಮುಗಿಸಿ ಎದ್ದು, ಅವರ ಮುಂದೆ ಬಗ್ಗಿ, "ಮಾಮಾ, ತೆಗಿತೀನಿ ನೋಡ್ರಿ" ಎಂದೆ.

ಪಾದ ಕತ್ತರಿಸಲಿಲ್ಲ.